ಗುಜರಿ ಡಿಸ್ಕಿನಲ್ಲಿ ಅಮ್ಮನ ಹಾಡು

ಯಂತ್ರಕ್ಕೂ ಜೀವ ಇದೆ ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖಕ್ಕೇ ನಗುತ್ತಿದ್ದೆ. ಬನ್ನಂಜೆಯಲ್ಲಿ ನನ್ನದೊಂದು ಅಂಗಡಿಯಿತ್ತು. ಹಳೆಯ ಸರ್ವರ್‌ಗಳಿಗೆ ಹೊಂದುವ ಬಳಸಿದ ಹಾರ್ಡ್ ಡಿಸ್ಕ್‌ಗಳನ್ನು ಮುಂಬಯಿಯಿಂದ ತರಿಸಿ, ಪೂರ್ತಿ ಅಳಿಸಿ, ಸರಿಪಡಿಸಿ ಮಾರುವುದು ನನ್ನ ಕಸುಬು. ಕಂಪನಿಗಳು ಅಂಥ ಡಿಸ್ಕ್ ತಯಾರಿಸುವುದನ್ನು ಬಿಟ್ಟ ಮೇಲೆ ಜನರಿಗೆ ನಾನೇ ಗತಿ. ಆದರೂ ಎಲ್ಲರ ಬಾಯಲ್ಲಿ ನಾನು ಗುಜರಿಯವನು. ಅದು ನನಗೆ ಚೆನ್ನಾಗಿಯೇ ಚುಚ್ಚುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಆಯುಧಪೂಜೆಯ ಮರುದಿನ ಕುಕ್ಕುಂದೂರಿನಿಂದ ವಸಂತ ಮಾಷ್ಟ್ರ ಫೋನು ಬಂತು. ನಿವೃತ್ತರಾದ ಮೇಲೆ ಅವರು ತುಳು ಹಾಡುಗಳನ್ನು ಸಂಗ್ರಹಿಸುತ್ತಿದ್ದರು. ತೀರಿಕೊಂಡ ತಾಯಿ ಹಾಡಿದ, ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗಿನ ಹಾಡುಗಳೂ ಅದರಲ್ಲಿದ್ದವು. ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯಿತೆಂದು ಎಲ್ಲವನ್ನೂ ಒಂದು ಹಳೆಯ ಸರ್ವರಿಗೆ ತುಂಬಿಸಿ, ಕ್ಯಾಸೆಟ್ ಎಸೆದಿದ್ದರು.

“ಪೂಜೆಯ ದಿನ ಆಯುಧಕ್ಕೆ ಕೆಲಸ ಕೊಡಬಾರದು, ಅಲ್ವಾ? ಈ ವರ್ಷ ಮೊದಲ ಸಲ ಆಫ್ ಮಾಡಿ ಹೂ ಇಟ್ಟೆ. ಈಗ ಏಳುವುದೇ ಇಲ್ಲ ಮಾರಾಯ. ಅಮ್ಮನ ಸ್ವರ ಬೇರೆ ಎಲ್ಲಿಯೂ ಇಲ್ಲ” ಎಂದರು.

ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕನ್ನು ಒಮ್ಮೆ ನಿಲ್ಲಿಸಿದರೆ ಅದು ಮತ್ತೆ ತಿರುಗದಂತೆ ಅಲ್ಲೇ ಕಚ್ಚಿಕೊಳ್ಳುವುದುಂಟು. ಹೋಗಿ ನೋಡಿದರೆ ಆದದ್ದೂ ಅದೇ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಜೋಡಿ ಡಿಸ್ಕ್ ಇಟ್ಟಿದ್ದರು. ಒಂದು ಯಾವಾಗಲೋ ಸತ್ತಿತ್ತು, ಮಾಷ್ಟ್ರಿಗೆ ಗೊತ್ತೇ ಇರಲಿಲ್ಲ. ಇನ್ನೊಂದು ಕುಂಕುಮ ಹಚ್ಚಿಸಿಕೊಂಡು ಮಿಸುಕದೆ ಕೂತಿತ್ತು. ಅಲುಗಾಡಿಸಿದೆ, ತಟ್ಟಿದೆ, ಬಿಸಿ ಮಾಡಿದೆ. ಊಹೂಂ. ಕೊನೆಗೆ, ಬರೀ ಮಾಷ್ಟ್ರ ಸಮಾಧಾನಕ್ಕೆ, ಸತ್ತ ಡಿಸ್ಕಿನ ಜಾಗದಲ್ಲಿ ನಾನು ತಂದಿದ್ದ ಡಿಸ್ಕನ್ನು ಹಾಕಿದೆ. ಅದು ಖಾಲಿ. ಅಳಿಸಿದವನು ನಾನೇ.

ಸ್ವಿಚ್ಚು ಒತ್ತಿದೆ. ನನ್ನ ಡಿಸ್ಕಿನ ಹಸಿರು ದೀಪ ಮಿನುಗಿತು. ಪರದೆಯ ಮೇಲೆ ಹಾಡುಗಳ ಹೆಸರುಗಳು ಮೂಡತೊಡಗಿದವು. ಮಾಷ್ಟ್ರು ಒಂದನ್ನು ಒತ್ತಿದರು. ಆ ಪುಟ್ಟ ಕೋಣೆಯಲ್ಲಿ, ಹಾಡುಹಗಲಲ್ಲಿ, ಅವರ ತಾಯಿ ಹಾಡತೊಡಗಿದರು. ನಡುವೆ ಕೆಮ್ಮಿ, ಮಗನ ಬಳಿ ನೀರು ಕೇಳಿದ್ದೂ ಕೇಳಿಸಿತು.

“ಬಂದರಲ್ಲ ಮಾರಾಯ! ಅಮ್ಮ ಬಂದರಲ್ಲ!” ಎಂದು ಮಾಷ್ಟ್ರು ನನ್ನನ್ನು ತಬ್ಬಿಕೊಂಡರು.

“ನೋಡಿದಿರಾ ಮಾಷ್ಟ್ರೇ, ಗುಜರಿಯ ಪ್ರತಾಪ!” ಎಂದು ನಾನೂ ಕೂಗಿಬಿಟ್ಟೆ. ಅಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ.

ಕಚ್ಚಿಕೊಂಡ ಡಿಸ್ಕೇ ಎದ್ದಿರಬೇಕು ಎಂದುಕೊಂಡು ಅದನ್ನು ಮುಟ್ಟಿದೆ. ತಣ್ಣಗಿತ್ತು. ಹೊರಗೆಳೆದೆ. ಹಾಡು ನಿಲ್ಲಲಿಲ್ಲ. ಈಗ ಯಂತ್ರದೊಳಗೆ ಉಳಿದದ್ದು ನಾನು ಹಾಕಿದ ಖಾಲಿ ಡಿಸ್ಕ್ ಒಂದೇ. ಸಂಜೆಯೊಳಗೆ ಎಲ್ಲ ಹಾಡುಗಳನ್ನೂ ಸಿ.ಡಿ.ಗಳಿಗೆ ಇಳಿಸಿದೆವು.

ನಾನು ಅಳಿಸಲು ಮರೆತಿರಬೇಕೆಂದು ಗೆಳೆಯರು ಹೇಳುತ್ತಾರೆ. ಮರೆತೆನೆಂದೇ ಇಟ್ಟುಕೊಳ್ಳಿ. ಮುಂಬಯಿಯಿಂದ ಬಂದ ಡಿಸ್ಕಿನಲ್ಲಿ ಕುಕ್ಕುಂದೂರಿನ ಅಮ್ಮ ಹೇಗೆ ಹಾಡಿಯಾರು? ನನಗೆ ಇವತ್ತಿಗೂ ಗೊತ್ತಿಲ್ಲ. ಮಾಷ್ಟ್ರು ಆ ಪ್ರಶ್ನೆಯನ್ನೇ ಕೇಳಿದವರಲ್ಲ. ಆಯುಧಪೂಜೆ ಬಂದಾಗಲೆಲ್ಲ ಆ ಡಿಸ್ಕಿಗೆ ಒಂದು ಹೂ ಇಡುತ್ತಾರೆ. ಸ್ವಿಚ್ಚು ಮಾತ್ರ ಮುಟ್ಟುವುದಿಲ್ಲ.