ಎಡಗೈ ಬೋಲ್ಟಿನ ರೈಫಲ್

ಪುಣೆಯ ಶಿವಾಜಿನಗರದ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಬಂದೂಕು ರಿಪೇರಿಯ ಅಂಗಡಿಯೊಂದಿದೆ. ಅಲ್ಲಿ ಶಿವಕಾಂತಾಗೆಂದು ಒಂದು ಸ್ಟೂಲು ಹಾಕಿದ್ದಾರೆ. ಒಂಬತ್ತು ವರ್ಷಗಳಲ್ಲಿ ಅದರ ಮೇಲೆ ಅವಳು ಕೂತದ್ದು ತೀರ ಕಡಿಮೆ. ನಿಂತೇ ಅರ ಹಾಕುತ್ತಾಳೆ, ನಿಂತೇ ಅಳೆಯುತ್ತಾಳೆ, ಚಹಾ ಕುಡಿಯುವಾಗಲೂ ಬಾಗಿಲ ತನಕ ಹೋಗಿ ಬರುತ್ತಾಳೆ.

ಸೇಡಂ ಕಡೆಯಿಂದ ಗಾರೆ ಕೆಲಸಕ್ಕೆಂದು ಪುಣೆಗೆ ಬಂದ ತಾಯಿ ತಿಪ್ಪವ್ವ, ವಾಕಡದ ಹತ್ತಾರು ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಮಗಳನ್ನು ಐಟಿಐ ಓದಿಸಿದಳು. ಫಿಟರ್ ಆದ ಮಗಳು ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ಬಿಡಿಭಾಗಗಳ ಅಳತೆ ನೋಡುವ ಕೆಲಸ ಮಾಡಿದಳು. ಕಂಪನಿ ಬಸ್ಸಿನಲ್ಲಿ ದಿನಕ್ಕೆ ನಾಲ್ಕು ತಾಸು ಕಳೆಯುವುದು ಸಾಕಾಗಿ ಈ ಅಂಗಡಿ ಸೇರಿದಳು. ಮಾಲೀಕ ಅಮೇಯ ಅವಳಿಗಿಂತ ಚಿಕ್ಕವನು. ತಂದೆ ಬಿಟ್ಟುಹೋದ ಪರವಾನಿಗೆಯನ್ನು ಜೋಪಾನವಾಗಿ ನಡೆಸಿಕೊಂಡು ಬಂದವನು.

ಆ ಜೂನಿನಲ್ಲಿ ಕುಶಲಣ್ಣ ಅಂಗಡಿಗೆ ಬಂದರು. ಸ್ಟೇಷನ್ನಿನ ಹತ್ತಿರ ಅವರದು ಮೂವತ್ತು ವರ್ಷದ ಹೋಟೆಲು. ಊರು ಕುಂದಾಪುರದ ಬಳಿ. ಬೆಳಗಿನಿಂದ ಎಂಟು ದಿಕ್ಕಿನಿಂದ ಜನ ಅವರನ್ನು ಕೂಗುತ್ತಲೇ ಇರುತ್ತಾರೆ. ವಾರಕ್ಕೆರಡು ಮಧ್ಯಾಹ್ನ ಶೂಟಿಂಗ್ ರೇಂಜಿನಲ್ಲಿ ಬೋರಲು ಮಲಗಿ, ಐವತ್ತು ಮೀಟರ್ ಆಚೆಯ ಕಪ್ಪು ಚುಕ್ಕೆಯನ್ನೇ ನೋಡುವಾಗ ಮಾತ್ರ ಅವರಿಗೆ ಸಮಾಧಾನ. ಸಕ್ಕರೆ ಕಾಯಿಲೆಯಿಂದ ಬಲಗಣ್ಣು ಮಂಜಾಯಿತು. ಇನ್ನು ಅದು ಸರಿಹೋಗದು ಎಂದು ಡಾಕ್ಟರು ಹೇಳಿಬಿಟ್ಟರು.

“ಎಡಗಣ್ಣು ಉಂಟಲ್ಲ, ಎಡಗಡೆಯಿಂದ ಶುರು ಮಾಡುವ ಅಂತ ಮಾಡಿದ್ದೇನೆ,” ಎಂದರು ಕುಶಲಣ್ಣ. “ಹಳೇ ರೈಫಲ್ ಒಂದು ಆಯ್ದು, ಅದರ ಮೇಲೆ ನನ್ನ ಮೈಗೆ ಹೊಂದುವ ಹಾಗೆ ಕಟ್ಟಿಕೊಡಿ ಮಾರಾಯ್ತಿ.”

ಕಷ್ಟವಿದ್ದದ್ದು ಬೋಲ್ಟಿನಲ್ಲಿ. ಪ್ರತಿ ಗುಂಡಿನ ನಂತರ ಬೋಲ್ಟಿನ ಹಿಡಿಕೆಯನ್ನು ಎತ್ತಿ ಹಿಂದಕ್ಕೆಳೆಯಬೇಕು. ಅದು ಸಾಮಾನ್ಯವಾಗಿ ಬಲಗಡೆ ಇರುತ್ತದೆ. ಎಡಗಡೆಯಿಂದ ಹೊಡೆಯುವವನು ಬಂದೂಕಿನ ಮೇಲಿಂದ ಕೈ ದಾಟಿಸಬೇಕು. ಅಮೇಯ ಮೂರು ರೈಫಲ್‌ಗಳನ್ನು ಮೇಜಿನ ಮೇಲಿಟ್ಟ. ಒಂದು ಹೊಳೆಯುವ ಹೊಸದು. ಇನ್ನೊಂದು ಬಣ್ಣ ಹೋದ, ಮರದ ಮೈಗೆಲ್ಲ ಗೀರು ಬಿದ್ದ ಹಳೆಯದು. ಮೂರನೆಯದರ ಬೋಲ್ಟು ಎಡಗಡೆಗಿತ್ತು. ಮುಚ್ಚಿಹೋದ ಕ್ಲಬ್ಬೊಂದರಿಂದ ಅದು ಹಿಂದಿನ ತಿಂಗಳಷ್ಟೇ ಬಂದಿತ್ತು. ಕುಶಲಣ್ಣ ಮಿಕ್ಕೆರಡನ್ನು ಮುಟ್ಟಲೂ ಇಲ್ಲ.

“ಇದು ನನಗೇ ಅಂತ ಬಂದದ್ದು,” ಎಂದು ಎಡಗೈಯಲ್ಲಿ ಬೋಲ್ಟ್ ಎಳೆದು ನೋಡಿದರು. ಎಣ್ಣೆ ಹಾಕಿದ ಬಾಗಿಲಿನಂತೆ ಜಾರಿತು.

ನಂಬರು ನೋಡುವ ಮೊದಲೇ ಶಿವಕಾಂತಾಗೆ ಅದು ಯಾವುದೆಂದು ತಿಳಿದಿತ್ತು. ಅಂಗಡಿಗೆ ಬಂದ ಮೊದಲ ವರ್ಷ ಅದರ ಟ್ರಿಗರ್ ಹಗುರ ಮಾಡಿದವಳು ಅವಳೇ. ಬೋಲ್ಟಿನೊಳಗೆ ಗುಂಡಿನ ಹಿಂಬದಿಗೆ ಬಡಿದು ಸಿಡಿಸುವ ಸೂಜಿಗೆ ಒಂದು ಹಲ್ಲಿರುತ್ತದೆ. ಟ್ರಿಗರ್ ಒತ್ತುವ ತನಕ ಸೂಜಿಯನ್ನು ತಡೆದು ಹಿಡಿಯುವುದು ಆ ಹಲ್ಲೇ. ಅದನ್ನು ಸಾಣೆಕಲ್ಲಿನಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದಳು. ಗಿರಾಕಿಗಳು ಹೊಗಳಿದರು. ಉಕ್ಕಿನ ಮೇಲ್ಪದರ ಮಾತ್ರ ಗಟ್ಟಿಯಾಗಿದ್ದು ಒಳಗೆ ಮೆತ್ತಗಿರುತ್ತದೆ, ಆ ಪದರ ದಾಟಿ ಉಜ್ಜಬಾರದು ಎಂದು ಅವಳಿಗೆ ತಿಳಿಯುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಅಂದಿನಿಂದ ಹಾಗೆ ಉಜ್ಜುವುದನ್ನು ಬಿಟ್ಟಳು. ಆದರೆ ಯಾರಿಗೂ ಹೇಳಲಿಲ್ಲ.

ಹಲ್ಲು ಹಿಡಿದು ನಿಲ್ಲುತ್ತದೆಯೇ ಎಂದು ನೋಡಲು, ಖಾಲಿ ರೈಫಲಿನ ಬೋಲ್ಟ್ ಎಳೆದು ಮುಚ್ಚಿ, ರಬ್ಬರ್ ಸುತ್ತಿಗೆಯಿಂದ ಹಿಂಭಾಗಕ್ಕೆ ಇಪ್ಪತ್ತು ಸಲ ಬಡಿದಳು. ಸೂಜಿ ಬೀಳಲಿಲ್ಲ.

“ಆಯ್ತಲ್ಲ?” ಎಂದ ಅಮೇಯ, ಮರಾಠಿಯಲ್ಲಿ.

“ನಾಳೆ ಇನ್ನೊಮ್ಮೆ ನೋಡ್ತೀನಿ,” ಎಂದಳು ಶಿವಕಾಂತಾ.

ಮನೆಗೆ ಹೋದವಳಿಗೆ ಕೈಕಾಲು ನಿಲ್ಲಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಒಣಗದ ಬಟ್ಟೆಯನ್ನು ತಂತಿಯಿಂದ ತೆಗೆದಳು, ಮತ್ತೆ ಹಾಕಿದಳು. ಗೋಡೆಗೆ ಒರಗಿ ಕೂತು ಮೆಂತ್ಯ ಬಿಡಿಸುತ್ತಿದ್ದ ತಿಪ್ಪವ್ವ ತಲೆಯೆತ್ತಿ ನೋಡಿದಳು.

“ಏನಾಗ್ಯಾದ ನಿನಗ? ಒಂದ್ ಕಡಿ ಕುಂದ್ರು.”

“ಏನಿಲ್ಲವ್ವ. ಕೆಲಸದಾಗ ಒಂದ್ ಹಳೀ ತಪ್ಪು ಅದ. ತಿರುಗಿ ಬಂದದ.”

“ಯಾರಿಗರೆ ಪೆಟ್ಟಾಗ್ಯಾದೇನು?”

“ಇನ್ನಾ ಇಲ್ಲ.”

ತಿಪ್ಪವ್ವ ಮೆಂತ್ಯದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. “ನಾ ಕಟ್ಟಡದ ಸಾರವಿ ಮ್ಯಾಲ ಇಟ್ಟಿಗಿ ಹೊರೂವಾಗ ಒಂದ್ ಹಲಗಿ ಸಡ್ಲ ಇತ್ತು. ಮೇಸ್ತ್ರಿಗಿ ಗೊತ್ತಿತ್ತು, ಹೇಳ್ಲಿಲ್ಲ. ನಾ ಬಿದ್ದಿಲ್ಲ, ನನ್ನ ಹಿಂದಿನಾಕಿ ಬಿದ್ಲು,” ಎಂದಷ್ಟೇ ಹೇಳಿ ಒಲೆಯ ಕಡೆ ಹೋದಳು.

ಮರುದಿನ ಅಂಗಡಿ ತೆರೆಯುವ ಮೊದಲೇ ಶಿವಕಾಂತಾ ಬಾಗಿಲಲ್ಲಿ ನಿಂತಿದ್ದಳು. ಅಮೇಯ ಬೀಗ ತೆಗೆದ ಕೂಡಲೇ ಸುತ್ತಿಗೆ ಹಿಡಿದಳು. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಮೂವತ್ತನಾಲ್ಕನೆಯ ಪೆಟ್ಟಿಗೆ, ಟ್ರಿಗರನ್ನು ಯಾರೂ ಮುಟ್ಟದೆಯೇ ಒಳಗೆ ಟಕ್ಕೆಂದು ಸೂಜಿ ಬಿತ್ತು. ಗುಂಡಿದ್ದಿದ್ದರೆ ಹಾರುತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಹಲ್ಲಿನ ಅಂಚು ಬಳಸಿದ ಸಾಬೂನಿನಂತೆ ಸವೆದು ದುಂಡಗಾಗಿತ್ತು.

“ಯಾರು ಉಜ್ಜಿದ್ದು ಇದನ್ನ?” ಎಂದ ಅಮೇಯ.

“ನಾನೇ.”

ಅವನು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟ. ಆಮೇಲೆ, “ಹಲ್ಲು ಸವೆದಿದೆ ಅಂತ ಹೇಳಿಬಿಡು. ಯಾರು ಮಾಡಿದರು ಅನ್ನೋದು ಗಿರಾಕಿಗೆ ಯಾಕೆ?” ಎಂದ.

ಮಧ್ಯಾಹ್ನ ಕುಶಲಣ್ಣ ಬಂದಾಗ ಶಿವಕಾಂತಾ ಅರ್ಧ ಹೇಳಬೇಕೆಂದೇ ಶುರು ಮಾಡಿದಳು. ಬಾಯಿ ಬಿಟ್ಟ ಮೇಲೆ ಪೂರ್ತಿ ಹೊರಬಂತು. ಕುಶಲಣ್ಣ ಎಡಗೈಯನ್ನು ಬೋಲ್ಟಿನ ಮೇಲಿಟ್ಟುಕೊಂಡೇ ಕೇಳಿಸಿಕೊಂಡರು.

“ಹೊಸ ಹಲ್ಲು ಮಾಡ್ಲಿಕ್ಕೆ ಆಗುದಿಲ್ವಾ?”

“ಆ ಕಂಪನಿ ಮುಚ್ಚಿ ಭಾಳ ವರ್ಷ ಆತ್ರಿ, ಬಿಡಿಭಾಗ ಸಿಗಂಗಿಲ್ಲ. ಆಕಾರ ನಾ ಮಾಡಬಹುದು. ಆದ್ರ ಉಕ್ಕಿಗಿ ಹದ ಸರಿ ಕುಂತದೋ ಇಲ್ಲೋ, ಭರವಸಾ ಇಲ್ರಿ. ಒಮ್ಮೆ ಭರವಸಾ ಇಟ್ಟು ಮಾಡಿದ್ದೇ ಇದು.”

ಕುಶಲಣ್ಣ ಚಹಾ ಮುಟ್ಟದೆ ಎದ್ದು ಹೋದರು.

ಮೂರು ವಾರ ಸುದ್ದಿಯಿಲ್ಲ. ಅಮೇಯ ಬೇಕಾದಷ್ಟೇ ಮಾತಾಡುತ್ತಿದ್ದ. ಫೋನು ಸದ್ದು ಮಾಡಿದಾಗಲೆಲ್ಲ ಶಿವಕಾಂತಾಳ ಕೈಯಲ್ಲಿನ ಅರ ನಿಲ್ಲುತ್ತಿತ್ತು. ಕೆಲಸ ಹೋಗುತ್ತದೆಂಬ ಭಯಕ್ಕಿಂತ ದೊಡ್ಡದು ಇನ್ನೊಂದಿತ್ತು. ಆ ಎರಡು ವರ್ಷಗಳಲ್ಲಿ ಅವಳು ಹಾಗೆ ಉಜ್ಜಿದ್ದು ಒಂದನ್ನಲ್ಲ, ಐದು ರೈಫಲ್‌ಗಳನ್ನು. ಉಳಿದ ನಾಲ್ಕು ಯಾರ ಕೈಯಲ್ಲಿವೆಯೋ, ಯಾರ ಮುಂದೆ ತಿರುಗಿವೆಯೋ! ನಾಲ್ಕನೆಯ ವಾರ ತಾನೇ ಹಳೆಯ ರಿಜಿಸ್ಟರು ತೆಗೆದು ಅಮೇಯನ ಮುಂದಿಟ್ಟಳು. ಅವನು ನಾಲ್ಕೂ ಹೆಸರು ಓದಿ, ಹಣೆ ಉಜ್ಜಿಕೊಂಡು, “ಫೋನ್ ಮಾಡು. ಅಂಗಡಿಯ ಹೆಸರಲ್ಲೇ ಮಾಡು,” ಎಂದ.

ಅದೇ ವಾರ ಕುಶಲಣ್ಣ ಹೋಟೆಲಿಗೆ ಕರೆದರು. ಗಿರಾಕಿಗಳಿಲ್ಲದ ನಾಲ್ಕು ಗಂಟೆಯ ಹೊತ್ತು. ಅವಳಿಗೆ ಬನ್ಸು, ಕಾಫಿ ಕೊಡಿಸಿ, ಮಾಳಿಗೆಯ ಕೋಣೆಗೆ ಕರೆದೊಯ್ದರು. ಅಲ್ಲಿ ಚಾಪೆಯ ಮೇಲೆ ಒಂದು ಉದ್ದ ಕೋಲು, ಅದರ ಬಲಗಡೆ ಹುರಿಯಿಂದ ಕಟ್ಟಿದ ಚಮಚ.

“ನಗಬೇಡಿ. ದಿನಾ ಇದರಲ್ಲೇ ಅಭ್ಯಾಸ,” ಎಂದು ಐವತ್ತೇಳರ ಆ ಮನುಷ್ಯ ಬೋರಲು ಮಲಗಿದರು. ಎಡಗೈಯನ್ನು ಕೋಲಿನ ಮೇಲಿಂದ ದಾಟಿಸಿ ಚಮಚ ಎತ್ತಿ ಹಿಂದಕ್ಕೆ ತಂದರು. “ಸಿಟ್ಟು ಬಂದಿತ್ತು ನಿಮ್ಮ ಮೇಲೆ. ನೀವು ಹೇಳದಿದ್ದರೆ ಅದನ್ನೇ ಕೆನ್ನೆಗೆ ಒತ್ತಿ ಮಲಗ್ತಿದ್ದೆ, ಅಲ್ವಾ? ಈಗ ಹೇಳಿ, ಅಂಗಡಿಯಲ್ಲಿ ಉಳಿದ ಆ ಎರಡರಲ್ಲಿ ಯಾವುದು?”

ಶಿವಕಾಂತಾ ಕಿಸೆಯಿಂದ ಟೇಪು ತೆಗೆದು, ಪಕ್ಕದಲ್ಲಿ ಮಂಡಿಯೂರಿ, “ಇನ್ನೊಮ್ಮೆ ಮಾಡ್ರಿ,” ಎಂದಳು. ಹತ್ತು ಸಲ ಮಾಡಿಸಿದಳು. ಕೈ ಹಿಂದಕ್ಕೆ ನಾಲ್ಕು ಬೆರಳಿನಷ್ಟು ಬಂದಾಗ ಮೊಣಕೈ ನೆಲದಿಂದ ಏಳುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ಎಳೆದರೆ ಮೈಯೆಲ್ಲ ಅಲುಗುತ್ತಿತ್ತು.

“ಗೀರು ಬಿದ್ದದ್ದು ತಗೋರಿ. ಹೊಸದರ ಬೋಲ್ಟ್ ಭಾಳ ಹಿಂದ ಬರ್ತದ. ಹಳೇದು ಮೂರೂವರಿ ಬೆರಳು ಬಂದ್ರ ಸಾಕು. ಅದರ ಬಿಡಿಭಾಗ ಇನ್ನಾ ಸಿಗ್ತಾವ. ಟ್ರಿಗರ್ ಹೊಸದು ತರಿಸಿ ಹಾಕಮು, ನಾ ಉಜ್ಜಂಗಿಲ್ಲ. ಮರದ ಮೈ ಮಾತ್ರ ನಿಮ್ಮ ಎಡಗೆನ್ನಿಗಿ ತಕ್ಕಂಗ ಹೊಸದಾಗಿ ಮಾಡಸ್ತೀನಿ.”

“ಚಂದ ಇಲ್ಲ ಅದು.”

“ಇಲ್ರಿ,” ಎಂದಳು.

ಕಾಗದಪತ್ರ, ಅಕ್ರೋಟು ಮರ, ಹೊಸ ಟ್ರಿಗರು ಎಲ್ಲ ಸೇರಿ ಐದು ತಿಂಗಳು ಹಿಡಿಯಿತು. ಅದರ ನಡುವೆ ಶಿವಕಾಂತಾ ರಜೆಯ ದಿನಗಳಲ್ಲಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ತಿರುಗಿದಳು. ಒಂದು ರೈಫಲ್ ಖಡಕಿಯಲ್ಲಿ ಸಿಕ್ಕಿತು. ಅದರ ಹಲ್ಲು ಗಟ್ಟಿಯಾಗಿಯೇ ಇತ್ತು. ಇನ್ನೊಂದನ್ನು ಮಾಲೀಕ ಆಗಲೇ ಸರ್ಕಾರಕ್ಕೆ ಒಪ್ಪಿಸಿದ್ದ. ಸಾತಾರಾದ ನಿವೃತ್ತ ಪ್ರೊಫೆಸರರು ಅರ್ಧ ತಾಸು ಬೈದು, ಕೊನೆಗೆ ತಮ್ಮದನ್ನು ಅಂಗಡಿಗೆ ಕಳಿಸಿದರು. ಅದರ ಸೂಜಿ ಹನ್ನೊಂದನೆಯ ಪೆಟ್ಟಿಗೇ ಬಿತ್ತು. ಅಮೇಯ ಆ ರೈಫಲನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಬೀರುವಿನಲ್ಲಿಟ್ಟು ಬೀಗ ಹಾಕಿದ.

ಡಿಸೆಂಬರಿನಲ್ಲಿ ಕುಶಲಣ್ಣ ಸಿದ್ಧವಾದ ರೈಫಲಿನಲ್ಲಿ ಮೊದಲ ಸಲ ಅರವತ್ತು ಗುಂಡು ಹೊಡೆದರು. ಹಿಂದೆ ಮೂರನೆಯ ಸ್ಥಾನದಿಂದ ಕೆಳಗಿಳಿಯದವರು ಅಂದು ಕ್ಲಬ್ಬಿನ ಸ್ಪರ್ಧೆಯಲ್ಲಿ ಹದಿನೇಳನೆಯವರಾದರು. ಎದ್ದು ಮೈ ಕೊಡವಿಕೊಂಡು, ನೋಡಲು ಬಂದಿದ್ದ ಶಿವಕಾಂತಾಗೆ, “ಮೊಣಕೈ ಏಳಲಿಲ್ಲ ಮಾರಾಯ್ತಿ,” ಎಂದು ಅದೊಂದನ್ನೇ ಎರಡೆರಡು ಸಲ ಹೇಳಿದರು.

ನಾಲ್ಕನೆಯ ರೈಫಲಿನ ಮಾಲೀಕರು ತೀರಿಕೊಂಡಿದ್ದಾರೆ. ಅದು ನಾಂದೇಡದಲ್ಲಿರುವ ಅಳಿಯನ ಹೆಸರಿಗೆ ಹೋಗಿದೆ ಎಂದು ತಿಳಿದುಬಂತು. ಫೋನು ಎತ್ತುವವರಿಲ್ಲ, ಹಾಕಿದ ಎರಡು ರಿಜಿಸ್ಟರ್ಡ್ ಪತ್ರಗಳೂ ತಿರುಗಿ ಬಂದವು. ನಾಂದೇಡಕ್ಕೆ ಹೋಗುವ ಶನಿವಾರದ ಬಸ್ಸಿಗೆ ಶಿವಕಾಂತಾ ಟಿಕೇಟು ಮಾಡಿಸಿದಳು. ಶುಕ್ರವಾರವಿಡೀ ಅಂಗಡಿಯಲ್ಲಿ ಅವಳು ಒಂದೇ ಬೋಲ್ಟನ್ನು ಮೂರು ಸಲ ಬಿಚ್ಚಿ ಜೋಡಿಸಿದಳು.