ಅಳಿಸಿದ ಹಾಡಿನ ರಾಗ

"ಲೋಕದ ಹಾಡು" ಎಂಬ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ದೇವರ ಹೆಸರಿಲ್ಲದ ಎಲ್ಲ ಹಾಡಿಗೂ ನಮ್ಮ ಕ್ರೈಸ್ತ ಸಭೆಗಳಲ್ಲಿ ಅದೇ ಹಣೆಪಟ್ಟಿ. ಸಿನಿಮಾ ಹಾಡು, ಟ್ರ್ಯಾಕ್ಟರಿನ ಮೇಲೆ ಕಿವಿ ಹರಿಯುವಂತೆ ಕೂಗುವ ಜಾನಪದ ಹಾಡು, ಕೂಸನ್ನು ಮಲಗಿಸುವ ಜೋಗುಳ, ಎಲ್ಲವನ್ನೂ ಒಂದೇ ಗಂಟು ಕಟ್ಟಿ ಹೊರಗೆ ಎಸೆಯುತ್ತಾರೆ. ಹಾಗೆ ಎಸೆಯುವವರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಯಾವ ಧಾರಾವಾಹಿ ನೋಡುತ್ತಾರೆಂದು ನಾನು ಕೇಳಲು ಹೋಗುವುದಿಲ್ಲ.

ಹಾನಗಲ್ಲಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತ, ಶನಿವಾರ ಮಧ್ಯಾಹ್ನ ಚರ್ಚಿನ ಹಿಂದಿನ ಕೋಣೆಯಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ಕೂಟ ನಡೆಸುತ್ತಿದ್ದೆ. ಹತ್ತಾರು ಮಕ್ಕಳು ಬರುತ್ತಿದ್ದರು. ಬೈಬಲ್ ಓದಿದ ಮೇಲೆ ಯಾರಾದರೊಬ್ಬರು ತಾವು ಆ ವಾರ ಕೇಳಿದ ಹಾಡನ್ನೋ ನೋಡಿದ ರೀಲನ್ನೋ ಎಲ್ಲರ ಮುಂದೆ ಹಾಕಬೇಕು. ಇದರಲ್ಲಿ ಖರೆ ಯಾವುದು, ಸುಳ್ಳು ಯಾವುದು, ಯಾರ ನೋವಿದೆ ಎಂದು ಮಾತಾಡುತ್ತಿದ್ದೆವು. ಪ್ರೀತಿಸಿದವಳು ಕೈಕೊಟ್ಟಳೆಂದು ಗೋಳಾಡುವ ಹಾಡೊಂದನ್ನು ತಂದ ಸವಣೂರಿನ ಹುಡುಗ, ಮೂರನೇ ಸಲ ಕೇಳುವಷ್ಟರಲ್ಲಿ, "ಇದರಾಗ ಆಕಿ ಮಾತ ಇಲ್ಲಲ್ರಿ ಅಕ್ಕಾರ, ಬರೇ ಇವಂದ ಒದರಾಟ" ಎಂದ. ನಾನು ತಾಸುಗಟ್ಟಲೆ ಉಪದೇಶ ಕೊರೆದಿದ್ದರೂ ಅದು ಅವನಿಗೆ ಹೊಳೆಯುತ್ತಿರಲಿಲ್ಲ.

ಆ ಕೂಟಕ್ಕೆ ಚಿಕ್ಕೇರೂರಿನ ಹುಡುಗಿಯೊಬ್ಬಳು ಬರುತ್ತಿದ್ದಳು. ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದಳು. ಭಾನುವಾರದ ಆರಾಧನೆಯಲ್ಲಿ ಮುಂದೆ ನಿಂತು ಹಾಡುವವಳೂ ಅವಳೇ. ರಜೆಗೆ ಊರಿಗೆ ಹೋದರೆ ತಾಯಿಯ ಜೊತೆ ಬೀಜದ ಹತ್ತಿಯ ಹೊಲದಲ್ಲಿ ಕ್ರಾಸಿಂಗ್ ಕೆಲಸ. ಒಂದು ಹೂವಿನ ಪುಡಿಯನ್ನು ಇನ್ನೊಂದು ಹೂವಿಗೆ ಕೈಯಿಂದ ಮುಟ್ಟಿಸುತ್ತ ಸಾಲು ಹಿಡಿದು ಸಾಗಬೇಕು. ಅಲ್ಲಿ ಹೆಂಗಸರೊಂದಿಗೆ ದನಿಗೂಡಿಸುತ್ತ ಅವಳು ತಾನೇ ಒಂದು ಹಾಡು ಕಟ್ಟಿದ್ದಳು. ರಾಗವೂ ಅವಳದೇ. ಮದುವೆಗೆ ಅವಸರ ಮಾಡುವ ಸೋದರಮಾವನಿಗೆ ಹುಡುಗಿ ಕೊಡುವ ಉತ್ತರ ಅದು: "ಹೂವ ಮುಟ್ಟೂ ಬೆರಳಿಗಿ ಉಂಗುರ ಯಾಕೋ ಮಾವಾ, ಇನ್ನಷ್ಟು ಪೆನ್ನ ಹಿಡೀಲಿ ತಡಿಯೋ."

ಅದನ್ನು ಯೂಟ್ಯೂಬಿಗೆ ಹಾಕಿದ್ದಳು. ಹಿರೇಕೆರೂರು ಕಡೆಯ ಹೊಲಗಳಲ್ಲಿ ಹೆಂಗಸರು ಫೋನು ಸೆರಗಿಗೆ ಕಟ್ಟಿಕೊಂಡು ಕೇಳುತ್ತಿದ್ದರಂತೆ. ಕೂಟದಲ್ಲಿ ಕೇಳಿಸಿದ ದಿನ ನಾನು ಅದನ್ನು ಎರಡು ಸಲ ಹಾಕಿಸಿದೆ. ಚಂದ ಇದೆ, ಇನ್ನೂ ಬರಿ ಎಂದೆ. ಅವಳು ನಂಬಲಿಲ್ಲ. ದೇವರು ಕೊಟ್ಟ ದನಿಯಿಂದ ಇಂಥದ್ದು ಹಾಡಬಹುದೇ ಎಂಬ ಅಳುಕು ಅವಳನ್ನು ಕೊರೆಯುತ್ತಿತ್ತು.

ಮುಂದಿನ ಶನಿವಾರ, ವಿದ್ಯಾರ್ಥಿ ಸೇವೆಯ ಮೇಲ್ವಿಚಾರಣೆ ನೋಡುವ ಸಭೆಯ ಹಿರಿಯರೊಬ್ಬರು ಬಂದು ಕುಳಿತರು. ಯಾರೋ ಅವರಿಗೆ ವಿಡಿಯೋ ಕಳಿಸಿದ್ದರು.

"ಇದೇನವಾ, ಮಾವ, ಉಂಗುರ? ದೇವರ ಮಗಳು ಹಾಡೂ ಹಾಡೇನ ಇದು?"

"ಪೂರಾ ಕೇಳೀರೇನ್ರಿ ಅಣ್ಣಾರ?" ಎಂದೆ ನಾನು.

"ಲೋಕದ ಹಾಡು ಪೂರಾ ಕೇಳೂದು ಯಾತಕ್ರಿ? ಇವತ್ತ ತಗದು ಹಾಕ್ಲಿ, ನಾಳೆ ಸಭೆ ಮುಂದ ಕ್ಷಮಾ ಕೇಳ್ಲಿ. ಇಲ್ಲಂದ್ರ ಆರಾಧನಾದಾಗ ಮೈಕ್ ಮುಟ್ಟೂದು ಬ್ಯಾಡ."

ನಾನು ವಾದಿಸಿದೆ. ಓದಬೇಕೆನ್ನುವ ಹುಡುಗಿಯ ಹಾಡಿನಲ್ಲಿ ಪಾಪ ಎಲ್ಲಿದೆ ತೋರಿಸಿ ಎಂದೆ. ಅವರು ನನ್ನತ್ತ ನೋಡಲೂ ಇಲ್ಲ. ಅವಳು ಅಲ್ಲೇ, ಅವರ ಕಣ್ಣೆದುರಿಗೇ, ಫೋನು ತೆಗೆದು ಹಾಡನ್ನು ಅಳಿಸಿದಳು. ಮರುದಿನ ನಿಂತು ಕ್ಷಮೆಯನ್ನೂ ಕೇಳಿದಳು. "ಆಮೆನ್" ಎಂದವರಲ್ಲಿ ಅರ್ಧ ಜನಕ್ಕೆ ಅವಳ ತಪ್ಪೇನೆಂದೇ ಗೊತ್ತಿರಲಿಲ್ಲ.

ಡಿಸೆಂಬರಿನಲ್ಲಿ ಸುತ್ತಲಿನ ಸಭೆಗಳೆಲ್ಲ ಸೇರಿ ಸವಣೂರಿನಲ್ಲಿ, ಹಬ್ಬಕ್ಕೆ ಮುಂಚೆ ಕೂಡಿ ಆಚರಿಸುವ ಸೆಮಿ ಕ್ರಿಸ್‌ಮಸ್ ಮಾಡಿದವು. ಶಾಮಿಯಾನ, ಕೀಬೋರ್ಡು, ರಿದಮ್ ಪ್ಯಾಡು. ಯುವಕರ ತಂಡ ಹೊಸ ಹಾಡು ಎತ್ತಿಕೊಂಡಿತು. ಮೊದಲ ಸಾಲಿಗೇ ನನ್ನ ಪಕ್ಕದಲ್ಲಿದ್ದ ಚಿಕ್ಕೇರೂರಿನ ಹುಡುಗಿ ನನ್ನ ಮೊಣಕೈ ಹಿಡಿದಳು. ಅದೇ ರಾಗ. ಮಾವ ಇದ್ದ ಕಡೆ ಯೇಸು, ಉಂಗುರ ಇದ್ದ ಕಡೆ ಗೋದಲಿ. ನಡುವೆ ಅವಳು ದನಿ ಎಳೆದು ಇಳಿಸುವ ಜಾಗ ಒಂದಿತ್ತು, ಅದನ್ನು ಮಾತ್ರ ಅವರು ಹಾಳು ಮಾಡಿದರು. ಜನ ಎದ್ದು ಕುಣಿದರು. "ಕರ್ತನು ನಮಗೆ ಕೊಟ್ಟ ಹೊಸ ಗೀತೆ" ಎಂದು ಮೈಕಿನಲ್ಲಿ ಹೇಳಿದವರು ಅದೇ ಹಿರಿಯರು.

ಊಟದ ಪಾಳಿಯಲ್ಲಿ ತಟ್ಟೆ ಹಿಡಿದು ನಿಂತಿದ್ದ ಅವರ ಮುಂದೆ ಹೋಗಿ ನಿಂತೆ.

"ಈ ರಾಗ ಎಲ್ಲಿಂದ ಬಂತು ಗೊತ್ತೈತೇನ್ರಿ ಅಣ್ಣಾರ?"

"ರಾಗ ಎಲ್ಲಾ ದೇವರದ್ರಿ, ಅಕ್ಕಾರ."

"ಹಂಗಾರ ಈ ಹುಡುಗಿ ಹಾಡಿದಾಗ ಯಾರದಿತ್ರಿ?"

ಅವರ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ ನಕ್ಕರು. "ಈಗ ಅದು ಪವಿತ್ರ ಆತಲ್ರಿ. ಹುಡುಗರನ್ನ ಸೆಳೀಬೇಕಂದ್ರ ಇಂಥಾ ರಾಗ ಬೇಕಾಗತಾವ. ಮುಂದಿನ ಶಿಬಿರದಾಗ ಇದರ ಮ್ಯಾಲ ನೀವ ಒಂದು ಕ್ಲಾಸ್ ತಗೋರಿ." ಕೈಯಲ್ಲಿದ್ದ ತಟ್ಟೆ ಎತ್ತಿ ನೆಲಕ್ಕೆ ಬಡಿಯಬೇಕೆನಿಸಿತು. ನಿಮ್ಮ ಶಿಬಿರಕ್ಕೂ ನಿಮ್ಮ ಪವಿತ್ರಕ್ಕೂ ದೊಡ್ಡ ನಮಸ್ಕಾರ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹುಡುಗಿಯ ಕೈ ಹಿಡಿದುಕೊಂಡು ಹೊರಬಿದ್ದೆ.

ಬಂಕಾಪುರದಲ್ಲಿ ಬಸ್ಸು ಬದಲಿಸಲು ನಿಂತೆವು. ನಾನು ಇನ್ನೂ ಬೈಯುತ್ತಲೇ ಇದ್ದೆ. ಕಳ್ಳರು ಎಂದೆ, ಅದಕ್ಕಿಂತ ಕೆಟ್ಟದ್ದನ್ನೂ ಅಂದೆ. ಅವಳು ಅಳುತ್ತಿರಬಹುದೆಂದು ತಿರುಗಿ ನೋಡಿದರೆ, ಅವಳ ಮುಖದಲ್ಲಿ ನಾನು ಎಂದೂ ಕಾಣದ ಬೆಳಕಿತ್ತು.

"ಅಂದ್ರ ನನ್ನ ಹಾಡು ಖರೇನ ಚಂದ ಇತ್ತಲ್ರಿ, ಅಕ್ಕಾರ?" ಎಂದಳು. "ಇಲ್ಲಂದ್ರ ಅವರ್ಯಾಕ ತಗೋತಿದ್ರು?"

ಹೌದವಾ ಎಂದೆ. ಬೇರೆ ಏನು ಹೇಳಲಿ? ಅವರು ಕದ್ದದ್ದನ್ನು ಎಂದಾದರೂ ಕ್ಷಮಿಸಿಯೇನು. ಅವಳ ಹಾಡು ಚಂದವೆಂದು ಅವಳಿಗೆ ಅವರಿಂದಲೇ ತಿಳಿಯಬೇಕಾಯಿತಲ್ಲ, ಅದನ್ನು ಮಾತ್ರ ಕ್ಷಮಿಸುವುದಿಲ್ಲ.