ಟಾರ್ಚ್ ಅಕ್ಕ ಬೆನ್ನು ಹಾಕಿ ನಿಂತ ಫ್ರೆಂಚ್ ಸಿನಿಮಾ

ನಮ್ಮ ಅತ್ತೆ ಟಾಕೀಸಿನಲ್ಲಿ ಅರ್ಧ ಆಯುಷ್ಯ ಕಳೆದರೂ ಒಂದು ಸಿನಿಮಾವನ್ನೂ ನೆಟ್ಟಗೆ ನೋಡಿದವರಲ್ಲ. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಕತ್ತಲಲ್ಲಿ ತಡವಾಗಿ ಬಂದವರಿಗೆ ಟಾರ್ಚು ಬಿಟ್ಟು ಸೀಟು ತೋರಿಸುವುದು ಅವರ ಕೆಲಸ, ಹಾಗಾಗಿ ಊರಿಗೆಲ್ಲ ಅವರು ಟಾರ್ಚ್ ಅಕ್ಕ. ಎಲ್ಲರೂ ಕೂತ ಮೇಲೆ ಪರದೆಯ ಪಕ್ಕದ ಬಾಗಿಲಲ್ಲಿ, ಪರದೆಗೆ ಬೆನ್ನು ಹಾಕಿ ನಿಂತು ಜನರ ಮುಖ ನೋಡುತ್ತಿದ್ದರು. ಪರದೆಯ ಮೇಲೆ ಅಳುವವರಿಗೆ ಸಂಬಳ ಬರುತ್ತೆ, ಇವರು ಟಿಕೆಟ್ ತಗೊಂಡು ಬಂದು ಅಳುತ್ತಾರಲ್ಲ, ಯಾಕೆ ಅಂತ ತಿಳೀಬೇಡವೇ ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಟಿಕೆಟ್ ಕಿಟಕಿಯಲ್ಲಿ ಕೂರುವವಳು. ನನಗೇನು ಗೊತ್ತು?

ಆ ಟಾಕೀಸಿನ ಆಪರೇಟರ್ ನಮ್ಮ ಮಾವ, ಅಂದರೆ ಅತ್ತೆಯ ಗಂಡ. ಮೇಲಿನ ರೂಮಿನಲ್ಲಿ ಸಿನಿಮಾ ಬಿಡುವುದು ಅವರು, ಕೆಳಗೆ ಬಾಗಿಲಲ್ಲಿ ಇವರು. ಇಬ್ಬರಿಗೂ ಮಾತಿಲ್ಲ. ಜಗಳವಾಗಿ ಬಿಟ್ಟ ಮಾತಾದರೆ ನಾನೇ ಕೂರಿಸಿ ರಾಜಿ ಮಾಡಿಸುತ್ತಿದ್ದೆ. ಯಾವುದೋ ಸಂಜೆ ಆಟ ಮುಗಿದು ಮೆಟ್ಟಿಲು ಇಳಿಯುವಾಗ ಅತ್ತೆ ಹಿಂದಿನಿಂದ, ನನ್ನ ಜೊತೆ ಬದುಕಿ ಸಾಕಾಯ್ತಾ ಅಂತ ಕೇಳಿದರಂತೆ. ಮಾವ ತಿರುಗಿಯೂ ನೋಡದೆ ಇಳಿದು ಹೋದರಂತೆ. ಅವರಾಗಿ ಉತ್ತರ ಕೊಡುವ ತನಕ ನಾನಾಗಿ ಬಾಯಿ ಬಿಡುವುದಿಲ್ಲ ಎಂದು ಅತ್ತೆ ಅವತ್ತೇ ಹಟ ಹಿಡಿದರು. ಮಾವ ಮೊದಲೇ ಮಿತಭಾಷಿ, ಅವರೂ ಸುಮ್ಮನಾದರು. ವರ್ಷಗಳು ಉರುಳಿದವು. ಮನೆಯಲ್ಲಿ ಊಟ ಬಡಿಸಿದ್ದನ್ನು ಎದುರಿಗೆ ಬಂದ ತಟ್ಟೆಯೇ ಹೇಳಬೇಕಿತ್ತು. ಇಂಥವರ ನಡುವೆ ಸಿಕ್ಕಿಕೊಂಡ ನನ್ನ ತಲೆನೋವು ಯಾರಿಗೆ ಹೇಳಲಿ?

ಆದರೆ ಟಾಕೀಸಿನ ಒಳಗೆ ಇಬ್ಬರೂ ಮಾತಾಡುತ್ತಿದ್ದರು, ಟಾರ್ಚಿನಲ್ಲಿ. ಅತ್ತೆ ಬಾಗಿಲಿನಿಂದ ಮೇಲಿನ ರೂಮಿನ ಕಿಟಕಿಗೆ ಒಂದು ಸಲ ಮಿನುಗಿಸಿದರೆ ಚಿತ್ರ ಮಸುಕಾಗಿದೆ ಎಂದು ಅರ್ಥ. ಎರಡು ಸಲವಾದರೆ ಸೌಂಡ್ ಜಾಸ್ತಿ ಮಾಡಿ, ಮೂರು ಸಲವಾದರೆ ಕಡಿಮೆ ಮಾಡಿ. ಆಟ ಮುಗಿದು ಜನರೆಲ್ಲ ಹೊರಗೆ ಹೋದ ಮೇಲೆ ಟಾರ್ಚು ಆರಿಸದೆ ಹಿಡಿದರೆ, ಮುಗಿಯಿತು, ಇಳಿದು ಬನ್ನಿ. ಆಗ ಮಾವ ಕಿಟಕಿಯ ಬಲ್ಬು ಹಾಕಿ ಹಾಗೇ ಬಿಡುತ್ತಿದ್ದರು. ಬಂದೆ ಎಂದು ಅರ್ಥ.

ವಯಸ್ಸಾಯಿತೆಂದು ಮಾವ ಕೆಲಸ ಬಿಡುವ ಕೊನೆಯ ವಾರ ಬಂತು. ಆಮೇಲೆ ತಮ್ಮ ಅಕ್ಕನ ಊರಿಗೆ ಹೋಗಿ ಅಲ್ಲೇ ಇರುತ್ತೇನೆ ಎಂದು ನನ್ನ ಕೈಲಿ ಅತ್ತೆಗೆ ಹೇಳಿ ಕಳಿಸಿದರು. ನೀನೂ ಬಾ ಎನ್ನಲಿಲ್ಲ. ಹೋಗಲಿ ಬಿಡು, ಯಾರು ಹಿಡ್ಕೊಂಡಿದ್ದಾರೆ ಅಂದ ಅತ್ತೆ, ಗುಡಿಸಿದ ಸಾಲನ್ನೇ ಮತ್ತೆ ಗುಡಿಸಿದರು. ನನಗೆ ಇಬ್ಬರ ಮೇಲೂ ಉರಿದುಹೋಯಿತು.

ಅದೇ ವಾರ ಬಂತು ನೋಡಿ ಆ ಫ್ರೆಂಚ್ ಸಿನಿಮಾ. ಫಿಲ್ಮ್ ಕ್ಲಬ್ಬಿನವರು ಮಧ್ಯಾಹ್ನದ ಆಟಗಳನ್ನು ವಾರಪೂರ್ತಿ ಹಿಡಿದಿದ್ದರು. ಪ್ರೇಮಕಥೆ, ಆದರೆ ಪ್ರಯೋಗ ಎಂದರು ಕ್ಲಬ್ಬಿನ ಕಾರ್ಯದರ್ಶಿ. ಒಂದು ಅಡುಗೆಮನೆ, ಒಂದು ಮೇಜು, ಎದುರುಬದುರು ಒಬ್ಬ ಗಂಡಸು, ಒಬ್ಬ ಹೆಂಗಸು. ಕ್ಯಾಮೆರಾ ಕದಲುವುದಿಲ್ಲ, ಅವರು ಮಾತಾಡುವುದಿಲ್ಲ. ಅವಳು ಪೆಟ್ಟಿಗೆ ಕಟ್ಟಿಟ್ಟಿದ್ದಾಳೆ, ಹೊರಡುತ್ತಾಳೋ ಇಲ್ಲವೋ ಅಷ್ಟೇ ಕಥೆ. ಇದನ್ನು ನೋಡಲು ಟಾಕೀಸು ಯಾಕೆ, ನಮ್ಮ ಅತ್ತೆ ಮನೆಗೆ ಹೋದರೆ ಸಾಲದೇ ಎಂದು ನಾನಂದುಕೊಂಡೆ.

ಮೊದಲ ದಿನವೇ ಎಡವಟ್ಟಾಯಿತು. ಸದ್ದೇ ಇಲ್ಲದ್ದನ್ನು ಕಂಡ ಅತ್ತೆ ಸ್ಪೀಕರ್ ಕೆಟ್ಟಿರಬೇಕೆಂದು ಎರಡು ಸಲ ಮಿನುಗಿಸಿದರು. ಮಾವ ಸೌಂಡ್ ಏರಿಸಿದರು. ಆದರೂ ಪರದೆಯ ಮೇಲೆ ಮೌನವೇ. ಮತ್ತೆ ಮಿನುಗಿಸಿದರು, ಮತ್ತೆ ಏರಿತು. ಹೀಗೆ ತುದಿ ಮುಟ್ಟಿದ ಹೊತ್ತಿಗೆ ಆ ಫ್ರೆಂಚ್ ಹೆಂಗಸು ಚಮಚವನ್ನು ತಟ್ಟೆಗೆ ಇಟ್ಟಳು. ಛಾವಣಿ ಕುಸಿದಷ್ಟು ಸದ್ದು! ಅರ್ಧ ಜನ ಎದ್ದು ನಿಂತರು. ತಂಪಿಗೆಂದು ದಿನಾ ಬಂದು ಮಲಗುವ ದರ್ಜಿ ಸೀಟಿನಿಂದ ಜಾರಿ ಕೆಳಗೆ ಕೂತ. ಅತ್ತೆಯ ಕೈಯಿಂದ ಟಾರ್ಚು ಬಿತ್ತು. ಅದನ್ನು ಹುಡುಕಿ ಮೂರು ಸಲ ಮಿನುಗಿಸುವ ತನಕ ಅಡುಗೆಮನೆಯ ಫ್ರಿಜ್ಜು ಎಕ್ಸ್‌ಪ್ರೆಸ್ ರೈಲಿನ ಹಾಗೆ ಗರ್ಜಿಸುತ್ತಲೇ ಇತ್ತು.

ಕಾರ್ಯದರ್ಶಿ ಕೆಂಡಾಮಂಡಲವಾದರು. ಮೌನವೇ ಈ ಸಿನಿಮಾದ ಪ್ರಾಣ, ಇನ್ನು ಈ ವಾರ ಒಳಗೆ ಯಾರೂ ಟಾರ್ಚು ಹೊತ್ತಿಸಕೂಡದು ಎಂದು ಅಪ್ಪಣೆಯಾಯಿತು. ಗಂಡ ಹೆಂಡತಿಗೆ ಉಳಿದಿದ್ದ ಒಂದೇ ಒಂದು ಮಾತೂ ಹೋಯಿತು.

ಕೈ ಖಾಲಿಯಾದ ಅತ್ತೆ ಆಟ ಬಿಟ್ಟ ಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ವಿಚಾರಿಸತೊಡಗಿದರು. ಏನಾಯ್ತು ಸಿನಿಮಾದಲ್ಲಿ? ಅವಳು ಹೋಗ್ತಾಳಾ, ಇರ್ತಾಳಾ? ಒಬ್ಬೊಬ್ಬರದು ಒಂದೊಂದು ಸಿನಿಮಾ. ಗಡ್ಡದ ವಿದ್ಯಾರ್ಥಿ ಇದು ಪ್ರೇಮದ ಕಥೆಯೇ ಅಲ್ಲ, ಕಾಲದ ಕಥೆ ಎಂದ. ಡ್ಯೂಟಿ ಮುಗಿಸಿ ಬಂದಿದ್ದ ನರ್ಸಮ್ಮ, ಅವಳು ಹೋಗಿ ಬದುಕಿಕೊಳ್ಳಬೇಕಿತ್ತು ಎಂದು ಸಿಡುಕಿದರು. ಪ್ಲಂಬರ್ ಒಬ್ಬನಿಗೆ ಕಂಡದ್ದು ತೊಟ್ಟಿಕ್ಕುವ ನಲ್ಲಿ ಮಾತ್ರ, ಎದ್ದು ಒಂದು ವಾಷರ್ ಹಾಕಿದ್ದರೆ ಸಂಸಾರ ಸರಿಹೋಗುತ್ತಿತ್ತಂತೆ. ಹೊಸದಾಗಿ ಮದುವೆಯಾದ ಜೋಡಿ ತಪ್ಪು ಅವನದೋ ಅವಳದೋ ಎಂದು ಜಗಳವಾಡುತ್ತ ಬೇರೆ ಬೇರೆ ದಿಕ್ಕಿಗೆ ಹೋಯಿತು. ಒಬ್ಬ ಮುದುಕರು ಮಾತ್ರ ಕಣ್ಣೊರೆಸಿಕೊಂಡು ನಿಂತು ಹೇಳಿದರು.

"ಇಬ್ರೂ ಕಾಯ್ತಾ ಇದಾರಮ್ಮ. ಅವನು ಕೇಳ್ಲಿ ಅಂತ ಅವಳು, ಅವಳು ಕೇಳ್ಲಿ ಅಂತ ಅವನು. ನಮ್ಮನೇಲೂ ಹಾಗೇ ಆಯ್ತು. ಆಮೇಲೆ ಕೇಳೋಕೆ ಅವಳೇ ಇರ್ಲಿಲ್ಲ."

ಅತ್ತೆ ಅವತ್ತು ಮತ್ತ್ಯಾರನ್ನೂ ಕೇಳಲಿಲ್ಲ. ಮನೆಗೆ ನಡೆಯುವಾಗ ಅವರ ತಲೆಯಲ್ಲಿ ಬೇರೊಂದು ಹುಳ ಕೊರೆಯುತ್ತಿತ್ತು.

"ಅಲ್ವೇ, ಮೊದಲ್ನೇ ದಿನ ಅಷ್ಟು ಸದ್ದಾಯ್ತಲ್ಲ, ರಸ್ತೆಗೆಲ್ಲ ಕೇಳ್ಸಿದೆ. ನಿಮ್ಮ ಮಾವ ಯಾಕೆ ತಾವಾಗೇ ಕಡಿಮೆ ಮಾಡ್ಲಿಲ್ಲ? ನನ್ನ ಟಾರ್ಚ್ ಬರೋವರೆಗೂ ಯಾಕೆ ಕಾದ್ರು?"

ಮಶೀನು ಕೈಕೊಟ್ಟಿರಬೇಕು ಎಂದೆ. ಅತ್ತೆ ಒಪ್ಪಲಿಲ್ಲ.

ಕೊನೆಯ ದಿನ ಆಟ ನಡೆಯುತ್ತಿರುವಾಗಲೇ ನನ್ನನ್ನು ಎಳೆದುಕೊಂಡು ಮೇಲಿನ ರೂಮಿಗೆ ಹತ್ತಿದರು. ಮೂಲೆಯಲ್ಲಿ ಮಾವನ ಚೀಲ ಹೊರಡಲು ಸಿದ್ಧವಾಗಿತ್ತು. ಮಾವ ನಮಗೆ ಬೆನ್ನು ಹಾಕಿ ಕಿಟಕಿಯ ಹತ್ತಿರ ನಿಂತಿದ್ದರು. ಅತ್ತೆ ಬಾಗಿಲಲ್ಲೇ ನಿಂತು, ಅಷ್ಟು ವರ್ಷದ ಹಟ ಮುರಿದು, ರೀ ಎಂದು ಕರೆದರು. ಮಾವ ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಮೂರನೆಯ ಸಲ ಎಷ್ಟು ಗಟ್ಟಿಯಾಗಿ ಕರೆದರೆಂದರೆ ಕೆಳಗೆ ಹಿಂದಿನ ಸಾಲಿನವರು ತಿರುಗಿ ಶ್ ಎಂದರು. ಮಾವ ಅಲುಗಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ಅವತ್ತಿನ ಮೆಟ್ಟಿಲು ಅವರಿಗೆ ನೆನಪಾಗಿದೆ ಎಂದು ನನಗೆ ತಿಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡು ಸರಸರನೆ ಕೆಳಗಿಳಿದರು.

ನಾನು ಹೋಗಿ ಮಾವನ ಭುಜ ಮುಟ್ಟಿದೆ. ಬೆಚ್ಚಿಬಿದ್ದರು. ಅವರು ನೋಡುತ್ತಿದ್ದದ್ದು ಪರದೆಯನ್ನಲ್ಲ, ಕೆಳಗಿನ ಬಾಗಿಲನ್ನು. ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಕೇಳಿದೆ, ಎಷ್ಟು ದಿನದಿಂದ ಹೀಗೆ ಎಂದು. ನನ್ನ ತುಟಿ ನೋಡಿ ತಲೆ ತಗ್ಗಿಸಿದರು.

"ರೀಲಿನ ಕಾಲದ ಮಶೀನಿನ ಸದ್ದು ತಿಂದ್ಹಾಕ್ತು ಕಣಮ್ಮ, ಕಿವಿನ. ಗೊತ್ತಾದ್ರೆ ಕೆಲಸದಿಂದ ತೆಗೀತಿದ್ರು. ಅವಳ ಟಾರ್ಚ್ ಇತ್ತು, ನಡೀತು. ಅವಳು ಮಾತು ಬಿಟ್ಟಿದ್ದೂ ಒಳ್ಳೇದೇ ಆಯ್ತು, ಮನೇಲಿ ಗೊತ್ತಾಗ್ಲಿಲ್ಲ. ಮೊದ್ಲೇ ನನ್ನ ಕಂಡ್ರೆ ಕೋಪ, ಇನ್ನು ಕಿವುಡನ್ನ ಕಟ್ಕೊಂಡು ಏನ್ ಮಾಡ್ತಾಳೆ? ಅಕ್ಕನ ಮನೇಲಿ ಮೂಲೇಲಿ ಬಿದ್ದಿರ್ತೀನಿ."

ನನಗೆ ಅಳುವೂ ಬಂತು, ಇಬ್ಬರ ತಲೆಯನ್ನೂ ಹಿಡಿದು ಕುಟ್ಟುವ ಹಾಗೂ ಆಯಿತು. ಅಷ್ಟರಲ್ಲಿ ಕೆಳಗೆ ಟಾರ್ಚು ಹೊತ್ತಿತು.

ಅತ್ತೆ ತಮ್ಮ ಜಾಗದಲ್ಲಿ ನಿಂತಿದ್ದರು. ಇಷ್ಟು ಕಾಲ ಬೇರೆಯವರ ಕಾಲ ಕೆಳಗೆ ಬೆಳಕು ಬಿಟ್ಟವರು ಈಗ ಟಾರ್ಚನ್ನು ತಿರುಗಿಸಿ ತಮ್ಮ ಮುಖಕ್ಕೇ ಹಿಡಿದುಕೊಂಡಿದ್ದರು. ಕೆನ್ನೆ ಒದ್ದೆಯಾಗಿತ್ತು. ನಮ್ಮ ಕಿಟಕಿ ನೋಡುತ್ತ ಏನೋ ಹೇಳಿದರು. ಜನ ಒಬ್ಬೊಬ್ಬರಾಗಿ ತಿರುಗಿದರು. ಇದೂ ಪ್ರಯೋಗವೇ ಇರಬೇಕೆಂದು ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಬೈಯಲು ಎದ್ದ ಕಾರ್ಯದರ್ಶಿ ಚಪ್ಪಾಳೆ ಕೇಳಿ ಅನುಮಾನದಿಂದ ಮತ್ತೆ ಕೂತರು.

ಮಾವ ಬಲ್ಬಿನ ಸ್ವಿಚ್ಚು ಹುಡುಕಿದರು. ಹಾಕಿ ಆರಿಸಿದರು. ಮತ್ತೆ ಹಾಕಿ ಆರಿಸಿದರು. ಎರಡು ಸಲ.

ಅತ್ತೆ ಸೌಂಡ್ ಜಾಸ್ತಿ ಮಾಡಿದರು.

"ಹೋಗ್ಬೇಡಿ ಅಂದೆ! ನನಗೆ ಗೊತ್ತಾಯ್ತು. ಮನೇಲೇ ಇರಿ!"

ಇಡೀ ಟಾಕೀಸಿಗೆ ಕೇಳಿಸಿತು. ದರ್ಜಿ ಎದ್ದು ಕೂತು, ಇರಪ್ಪ, ಅಷ್ಟು ಹೇಳ್ತಾ ಇದಾರಲ್ಲ ಎಂದು ಯಾರಿಗೋ ಹೇಳಿದ. ಕೇಳಿಸದೆ ಇದ್ದದ್ದು ಒಬ್ಬರಿಗೆ ಮಾತ್ರ. ಏನಂದ್ಲು ಎಂದು ಮಾವ ನನ್ನ ತುಟಿಯನ್ನೇ ನೋಡಿದರು. ಹೇಳಿದೆ, ಒಂದಕ್ಷರವೂ ಬಿಡದೆ.

ಅವರು ಬಲ್ಬು ಹಾಕಿದರು. ಆರಿಸಲಿಲ್ಲ. ಸಿನಿಮಾ ನೋಡ್ಕೋ ಎಂದು ನನಗೆ ಹೇಳಿ ಮೆಟ್ಟಿಲು ಇಳಿದರು. ಚೀಲ ಮೂಲೆಯಲ್ಲೇ ಇತ್ತು. ಪರದೆಯ ಮೇಲೆ ಆ ಇಬ್ಬರು ಇನ್ನೂ ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ಕೆಳಗೆ ಜನರೆಲ್ಲ ಅವರಿಗೆ ಬೆನ್ನು ಹಾಕಿ, ನಮ್ಮ ಅತ್ತೆಯ ಹಾಗೆ, ಮಾವ ಇಳಿದು ಬರುವ ಹಿಂದಿನ ಬಾಗಿಲ ಕಡೆ ನೋಡುತ್ತಿದ್ದರು.